ಎಡಗೈ, ಬಲಗಿವಿ

ನಮ್ಮ ಬಾಲವಾಡಿ ಅಕ್ಕೋರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಚಿತ್ತಾಪುರದಲ್ಲಿ ಹದಿಮೂರು ವರ್ಷ ಒಂದೇ ಅಂಗಳದಲ್ಲಿ ಅವರ ಜೊತೆ ಕೆಲಸ ಮಾಡಿದೆ. ಅಷ್ಟು ವರ್ಷಗಳಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣಲಿಲ್ಲ. ಕಲಿಸುವ ಹೆಂಗಸರಿಗೆಲ್ಲ ಅಕ್ಕೋರು ಅನ್ನುವುದು ನಮ್ಮ ಕಡೆಯ ವಾಡಿಕೆ. ಪ್ರಾಥಮಿಕ ಶಾಲೆಯಲ್ಲಿ ಇನ್ನೂ ಇಬ್ಬರು ಅಕ್ಕೋರಿದ್ದರು. ಆದರೆ ಊರಲ್ಲಿ ಯಾರಾದರೂ ಬರೀ ‘ಅಕ್ಕೋರು’ ಅಂದರೆ ಅದು ಬೇವಿನಮರದ ಪಕ್ಕದ ಮೂಲೆ ಕೋಣೆಯಲ್ಲಿ ಬಾಲವಾಡಿ ನಡೆಸುತ್ತಿದ್ದ ಇವರೇ.

ಹೋದ ಶ್ರಾವಣದಲ್ಲಿ ಅವರು ಸೇಡಂನಲ್ಲಿ ತಮ್ಮನ ಮನೆಯಲ್ಲಿ ತೀರಿಕೊಂಡರು. ಮಣ್ಣಿಗೆ ನಾನೂ ಹೋಗಿದ್ದೆ. ಬಂದವರೆಲ್ಲ ಅವರನ್ನು ಹೊಗಳಿದರು. ಒಬ್ಬರಂತೂ ಸಾಕ್ಷಾತ್ ದೇವತೆ ಎಂದರು. ನನಗೆ ಸಿಟ್ಟು ಬಂತು. ಅವರು ದೇವತೆಯಲ್ಲ, ಮೊಂಡು ಹೆಂಗಸು. ಹಾಜರಿ ಪುಸ್ತಕ ನೆಟ್ಟಗೆ ಇಟ್ಟವರಲ್ಲ, ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆದವರಲ್ಲ. ಸೀರೆಯ ಗಂಟಿನಲ್ಲಿ ನಶ್ಯದ ಡಬ್ಬಿ ಇಟ್ಟುಕೊಂಡು, ಹುಡುಗರು ಕಣ್ಣುಮುಚ್ಚಿ ಹಾಡು ಹೇಳುವಾಗ ಒಂದು ಚಿಟಿಕೆ ಏರಿಸುತ್ತಿದ್ದರು. ಎದುರಾಡಿದರೆ ಮೂರು ದಿನ ಮಾತು ಬಿಡುತ್ತಿದ್ದರು. ಅವರನ್ನು ಕಂಡರೆ ನನಗೆ ಮೊದಲ ಎರಡು ವರ್ಷ ಆಗುತ್ತಲೇ ಇರಲಿಲ್ಲ.

ನಾನು ಚಿಮ್ಮನಚೋಡದವನು. ಟ್ರೇನಿಂಗ್ ಮುಗಿಸಿ ಚಿತ್ತಾಪುರದ ಶಾಲೆಗೆ ಬಂದಾಗ ಇಪ್ಪತ್ತೆರಡು ವಯಸ್ಸು. ನಮ್ಮ ರಾಜ್ಯಕ್ಕೆ ಆಗಿನ್ನೂ ಮೈಸೂರು ಎಂದೇ ಹೆಸರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ತಲೆಯಲ್ಲಿ ನಿಯಮಗಳು, ಇಷ್ಟೇ ನನ್ನ ಆಸ್ತಿ. ಒಂದನೆಯ ತರಗತಿಯ ಜೊತೆಗೆ ಹೊಸ ಮಕ್ಕಳನ್ನು ದಾಖಲು ಮಾಡಿಕೊಳ್ಳುವ ಕೆಲಸವನ್ನೂ ಹೆಡ್‌ಮಾಸ್ತರರು ನನಗೇ ಒಪ್ಪಿಸಿದ್ದರು. ನನಗೆ ಅದೇ ದೊಡ್ಡ ತಹಶೀಲ್ದಾರಿಕೆ ಸಿಕ್ಕಷ್ಟು ಆಗಿತ್ತು.

ಅಕ್ಕೋರ ಕೋಣೆಯಲ್ಲಿ ಎಲ್ಲ ಬಗೆಯ ಹುಡುಗರಿದ್ದರು. ಬಜಾರಿನ ಸಾಹುಕಾರರ ಮೊಮ್ಮಗನಿದ್ದ, ಕೇರಿಯ ಮಕ್ಕಳಿದ್ದರು, ಟಾಂಗಾ ಹೊಡೆಯುವವರ ಮಕ್ಕಳು, ತಾಂಡಾದಿಂದ ನಡೆದು ಬರುವ ಲಂಬಾಣಿ ಮಕ್ಕಳು, ರೈಲ್ವೆ ಗ್ಯಾಂಗಿನ ತೆಲುಗು ಮಕ್ಕಳು ಇದ್ದರು. ಅಲ್ಲಿ ಒಂದೇ ಹೊತ್ತಿಗೆ ನಾಲ್ಕು ಭಾಷೆಯಲ್ಲಿ ಅಳು ಕೇಳುತ್ತಿತ್ತು. ಇವರಿಗೆಲ್ಲ ಮೊದಲು ಕನ್ನಡ ಕಲಿಸಬಾರದೇ ಎಂದು ನಾನೊಮ್ಮೆ ಕೇಳಿದ್ದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗು ಬಂದ ಮೊದಲನೇ ದಿನ ನಾನೇ ಅದರಿಂದ ನಾಲ್ಕು ಮಾತು ಕಲಿಯುತ್ತೇನೆ ಎಂದರು. ನೀರು, ಅವ್ವ, ನೋವು, ಒಂದಕ್ಕ, ಇವು ನಾಲ್ಕು. “ಹುಡುಗ ಒಂದಕ್ಕ ಬಂತು ಅಂದದ್ದು ತಿಳೀಲಿಲ್ಲಂದ್ರ ಅಕ್ಕೋರಾಗಿ ಏನ್ ಉಪಯೋಗರಿ” ಎಂದರು. ಯಾಡಿ ಅಂದರೆ ಲಂಬಾಣಿಯಲ್ಲಿ ಅವ್ವ ಎಂದು ನನಗೆ ತಿಳಿದದ್ದು ಅವರಿಂದಲೇ.

ಗಂಡುಹುಡುಗರ ಕೈಗೆ ಕಸಬರಿಗೆ ಕೊಡುತ್ತಿದ್ದರು. ಹೆಣ್ಣುಹುಡುಗಿಯರನ್ನು ಬೇವಿನಮರದ ಮೊದಲ ಟೊಂಗೆಯ ತನಕ ಹತ್ತಿಸುತ್ತಿದ್ದರು. ಮಣ್ಣಿನ ರೊಟ್ಟಿ ಬಡಿಯುವ ಆಟದಲ್ಲಿ ಸಾಹುಕಾರರ ಮೊಮ್ಮಗ ಎಲ್ಲರನ್ನೂ ಮೀರಿಸಿದ್ದ. ಅವನ ಅವ್ವ ಬಂದು, ನಮ್ಮ ಹುಡುಗನನ್ನು ಹೆಣ್ಣು ಮಾಡಬೇಡಿರಿ ಎಂದು ಜಗಳ ತೆಗೆದಳು. ಅಕ್ಕೋರು ಅವಳಿಗೆ ಆ ಮಣ್ಣಿನ ರೊಟ್ಟಿ ತೋರಿಸಿ, ಇಷ್ಟು ದುಂಡಗೆ ನಿನಗೆ ಬರುತ್ತದೇನು ಎಂದು ಕೇಳಿದರು. ಅವಳಿಗೆ ನಗು ತಡೆಯಲಾಗಲಿಲ್ಲ.

ನಾನು ಹೇಳಬೇಕಾದದ್ದು ಸೋನಿಯ ವಿಷಯ. ಸೋನಾಬಾಯಿ ಅವಳ ಪೂರ್ತಿ ಹೆಸರು, ತಾಂಡಾದ ಹುಡುಗಿ. ಎರಡನೇ ವಯಸ್ಸಿನಲ್ಲಿ ಜ್ವರ ಬಂದು ಬಲಗೈ ಬತ್ತಿಹೋಗಿತ್ತು. ಹೆಗಲಿನಿಂದ ಅದು ಸುಮ್ಮನೆ ಜೋತು ಬಿದ್ದಿರುತ್ತಿತ್ತು. ಬಾಲವಾಡಿಗೆ ಬಂದ ಹೊಸದರಲ್ಲಿ ಅವಳು ಉಪ್ಪಿಟ್ಟಿನ ತಾಟು ತೆಗೆದುಕೊಂಡು ಗೋಡೆಯ ಕಡೆ ಮುಖ ಮಾಡಿ ಕೂಡುತ್ತಿದ್ದಳು. ಎಡಗೈಲಿ ಉಣ್ಣುವುದು ಯಾರ ಕಣ್ಣಿಗೂ ಬೀಳಬಾರದು ಎಂದು ಅವಳ ಯಾಡಿಯೇ ಕಲಿಸಿ ಕಳಿಸಿದ್ದಳು. ನಮ್ಮಲ್ಲಿ ಎಡಗೈಗೆ ಇರುವ ಮರ್ಯಾದೆ ಎಷ್ಟೆಂದು ಎಲ್ಲರಿಗೂ ಗೊತ್ತು. ಕೊಡುವುದಕ್ಕಿಲ್ಲ, ತೆಗೆದುಕೊಳ್ಳುವುದಕ್ಕಿಲ್ಲ, ಉಣ್ಣುವುದಂತೂ ದೂರದ ಮಾತು.

ಅಕ್ಕೋರು ಹುಡುಗಿಗೆ ಏನೂ ಹೇಳಲಿಲ್ಲ. ಒಂದು ದಿನ ತಾವೂ ತಾಟು ಹಿಡಿದು ಅವಳ ಪಕ್ಕದಲ್ಲಿ ಕುಳಿತು ಎಡಗೈಲಿ ತಿನ್ನತೊಡಗಿದರು. ನಲವತ್ತು ವರ್ಷ ಬಲಗೈಲಿ ಉಂಡವರು, ಎಡಗೈ ಮಾತು ಕೇಳಬೇಕಲ್ಲ. ಅರ್ಧ ಉಪ್ಪಿಟ್ಟು ಸೀರೆಯ ಮೇಲೆ, ಒಂದಿಷ್ಟು ಗಲ್ಲದ ಮೇಲೆ. ಹುಡುಗರೆಲ್ಲ ಕೇಕೆ ಹಾಕಿ ನಕ್ಕರು. ಸೋನಿ ಮೊದಲು ಕದ್ದು ನೋಡಿದಳಂತೆ, ಆಮೇಲೆ ಅವಳಿಗೂ ನಗು ಬಂತಂತೆ. ಮೂರನೇ ದಿನ ಅವಳು ಗೋಡೆ ಬಿಟ್ಟು ಈಚೆ ತಿರುಗಿ ಕುಳಿತು, ನಾಲ್ಕು ಬೆರಳು ಹೇಗೆ ಕೂಡಿಸಬೇಕು, ಹೆಬ್ಬೆರಳಿನಿಂದ ಹೇಗೆ ದೂಡಬೇಕು ಎಂದು ಅಕ್ಕೋರಿಗೆ ತೋರಿಸಿಕೊಟ್ಟಳು. ಆಮೇಲೆ ಗೋಡೆಯ ಕಡೆ ಅವಳು ತಿರುಗಲಿಲ್ಲ.

ಊರಿನಲ್ಲಿ ಗುಲ್ಲಾಯಿತು. ಬಾಲವಾಡಿಯಲ್ಲಿ ಎಡಗೈಲಿ ಉಣ್ಣಲು ಕಲಿಸುತ್ತಾರೆ, ಜಾತಿಯೂ ಇಲ್ಲ ರೀತಿಯೂ ಇಲ್ಲ ಎಂದು ಜನ ಆಡಿಕೊಂಡರು. ಹುಡುಗರು ಬಲಗೈಲೇ ತಿನ್ನಲಿ, ನಾನು ಮಾತ್ರ ಎಡಗೈಲಿ ತಿನ್ನುತ್ತೇನೆ, ತೊಳೆದ ಕೈ ಯಾವುದಾದರೇನು ಎಂದು ಅಕ್ಕೋರು ಹೇಳಿ ಕಳಿಸಿದರು. ಕೆಲಸ ಬಿಡುವ ತನಕ ಅವರು ಹಾಗೆಯೇ ತಿಂದರು. ಬಾಲವಾಡಿಯ ಹೊರಗೆ, ಮದುವೆ ಮುಂಜಿಗಳಲ್ಲಿ, ಎಲ್ಲರ ಹಾಗೆ ಬಲಗೈಲೇ ಉಣ್ಣುತ್ತಿದ್ದರು. ನಾನು ಆಗ ಇದನ್ನೆಲ್ಲ ಬರೀ ನಾಟಕ ಎಂದುಕೊಂಡಿದ್ದೆ. ಸಹೋದ್ಯೋಗಿಗಳ ಮುಂದೆ ಹಾಗೆ ಹೇಳಿಯೂ ಇದ್ದೆ.

ಆ ಕಾಲದಲ್ಲಿ ಹುಟ್ಟಿದ ತಾರೀಖಿನ ಕಾಗದ ಯಾರ ಹತ್ತಿರ ಇರುತ್ತಿತ್ತು? ದೊಡ್ಡ ಮಳೆ ಬಂದ ವರ್ಷ, ಎಮ್ಮೆ ಸತ್ತ ವರ್ಷ ಎಂದು ತಂದೆತಾಯಿ ಹೇಳುತ್ತಿದ್ದರು. ಅದಕ್ಕೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಮಗು ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿತು, ಒಂದನೆಯ ತರಗತಿಗೆ ಸೇರಿತು. ಮುಟ್ಟದಿದ್ದರೆ ಮುಂದಿನ ವರ್ಷ. ಸಣ್ಣವರ ಕೈ ತಲೆ ದಾಟುವುದಿಲ್ಲ, ಆದ್ದರಿಂದ ಪದ್ಧತಿ ತಕ್ಕಮಟ್ಟಿಗೆ ಸರಿಯಾಗಿಯೇ ಇತ್ತು.

ನಾನು ಬಂದ ಮರುವರ್ಷ ಜೂನ್ ತಿಂಗಳಲ್ಲಿ ಅಕ್ಕೋರು ತಮ್ಮ ಒಂಬತ್ತು ಮಕ್ಕಳನ್ನು ಸಾಲುಗಟ್ಟಿ ತಂದು ನನ್ನ ಮೇಜಿನ ಮುಂದೆ ನಿಲ್ಲಿಸಿದರು. ಎಂಟು ಮಕ್ಕಳು ಕಿವಿ ಮುಟ್ಟಿದರು, ಬರೆದುಕೊಂಡೆ. ಒಂಬತ್ತನೆಯವಳು ಸೋನಿ. ಏಳು ತುಂಬಿದ ಹುಡುಗಿ, ಸಾಲಿನಲ್ಲಿ ಎಲ್ಲರಿಗಿಂತ ಎತ್ತರ. ಅವಳು ಎಡಗೈಯನ್ನು ತಲೆಯ ಮೇಲಿಂದ ತಂದು ಬಲಗಿವಿಯನ್ನು ಪೂರ್ತಿ ಹಿಡಿದುಕೊಂಡು ನನ್ನ ಕಡೆ ನೋಡಿ ನಕ್ಕಳು.

ನಾನು ಪೆನ್ನು ಕೆಳಗಿಟ್ಟೆ. ಅಕ್ಕೋರನ್ನು ಹತ್ತಿರ ಕರೆದು ಮೆಲ್ಲಗೆ, ಎಡಗೈ ನಡೆಯುವುದಿಲ್ಲ, ಮುಂದಿನ ವರ್ಷ ಕರೆತನ್ನಿ ಎಂದೆ. ಅಕ್ಕೋರು ನನ್ನನ್ನೇ ನೋಡಿದರು. “ಮುಂದಿನ ವರ್ಷ ಆ ಕೈ ಬೆಳೀತದೇನ್ರಿ ಮಾಸ್ತರ?” ಎಂದು ಅಷ್ಟೇ ಮೆಲ್ಲಗೆ ಕೇಳಿದರು. ನಿಯಮ ಅಂದರೆ ನಿಯಮ ಎಂದೆ. ಈಗ ಬರೆಯಲಿಕ್ಕೂ ನಾಚಿಕೆಯಾಗುತ್ತದೆ. ವಯಸ್ಸು ಅಳೆಯುವುದಕ್ಕೆ ಯಾವ ಕೈಯಾದರೇನು? ಶುಭಕಾರ್ಯಕ್ಕೆ ಎಡಗೈ ಚಾಚಬಾರದು ಎಂದು ನನ್ನ ಅವ್ವ ಕಲಿಸಿದ್ದನ್ನೇ ನಾನು ಸರಕಾರದ ನಿಯಮ ಎಂದು ತಿಳಿದಿದ್ದೆ. ಟ್ರೇನಿಂಗ್ ಕಾಲೇಜಿನಲ್ಲಿ ಕಲಿತವನ ತಿಳಿವಳಿಕೆ ಇಷ್ಟು.

ಅವರು ಜಗಳ ಮಾಡುತ್ತಾರೆ, ಹೆಡ್‌ಮಾಸ್ತರರ ಹತ್ತಿರ ಹೋಗುತ್ತಾರೆ ಎಂದು ಕಾದೆ. ಹೋಗಲಿಲ್ಲ. ಆ ಹೆಡ್‌ಮಾಸ್ತರರು ನನಗಿಂತ ಒಂದು ಕೈ ಮೇಲು ಎಂದು ಅವರಿಗೆ ಗೊತ್ತಿತ್ತು. ಅವರು ಸೋನಿಯ ಹತ್ತಿರ ಬಗ್ಗಿ ಅವಳ ಕಿವಿಯಲ್ಲಿ ಏನೋ ಹೇಳಿ, ಎಡಗೈ ಹಿಡಿದುಕೊಂಡು ಮೂಲೆಯ ಕೋಣೆಗೆ ಹೊರಟುಹೋದರು. ಏನು ಹೇಳಿದರೆಂದು ನಾನು ಕೇಳಲಿಲ್ಲ, ಕೇಳಬೇಕೆಂದು ಅನಿಸಲೂ ಇಲ್ಲ.

ಆ ವರ್ಷ ಬಾಲವಾಡಿಯ ತಪಾಸಣೆಗೆ ಬಂದ ಮೇಲಿನವರು, ಇಷ್ಟು ದೊಡ್ಡ ಹುಡುಗಿ ಇಲ್ಲೇಕೆ, ಆರು ದಾಟಿದವರನ್ನು ಇಟ್ಟುಕೊಳ್ಳುವಂತಿಲ್ಲ, ಬರವಣಿಗೆಯಲ್ಲಿ ಜವಾಬು ಕೊಡಿ ಎಂದು ಹೇಳಿ ಹೋದರು. ಅಕ್ಕೋರ ಅಕ್ಷರ ಕೋಳಿಕಾಲು. ಮೂರು ತಿಂಗಳಿಂದ ನನ್ನ ಜೊತೆ ಮಾತು ಬಿಟ್ಟಿದ್ದವರು ಕಾಗದ ತಂದು ನನ್ನ ಮುಂದಿಟ್ಟು, ಬರೆದುಕೊಡಿರಿ ಎಂದರು. ನಾನು ಒಳ್ಳೆಯ ಅಕ್ಷರದಲ್ಲಿ ಬರೆಯತೊಡಗಿದೆ: ಸದರಿ ಬಾಲಕಿಗೆ ವಯಸ್ಸು ಸಾಲದ್ದರಿಂದ ಶಾಲೆಗೆ ಸೇರಿಸಿಕೊಂಡಿರುವುದಿಲ್ಲ. ಅಲ್ಲಿಗೆ ಕೈ ನಿಂತಿತು. ಬಾಲವಾಡಿಯ ಕಾಗದದಲ್ಲಿ ಅವಳಿಗೆ ವಯಸ್ಸು ಹೆಚ್ಚಾಗಿತ್ತು, ನನ್ನ ಕಾಗದದಲ್ಲಿ ಕಡಿಮೆ ಬಿದ್ದಿತ್ತು. ಹುಡುಗಿ ಮಾತ್ರ ಹೊರಗೆ ಬೇವಿನಮರದ ಕೆಳಗೆ ಸಣ್ಣವರ ಮೂಗು ಒರೆಸುತ್ತ ಕುಳಿತಿದ್ದಳು. ತಲೆ ಎತ್ತಿದರೆ ಅಕ್ಕೋರು ನಶ್ಯದ ಡಬ್ಬಿ ತಿರುವುತ್ತ ಕಿಟಕಿಯ ಹೊರಗೆ ನೋಡುತ್ತಿದ್ದರು. ನನ್ನ ಮುಖ ನೋಡಲಿಲ್ಲ, ಅದು ಅವರ ಒಳ್ಳೆಯತನ. ಹೇಗೋ ಬರೆದು ಮುಗಿಸಿ ಕೊಟ್ಟೆ.

ಆ ದಿನವೇ ದಾಖಲು ಮಾಡಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆದರೆ ತಪ್ಪು ಮಾಡಿದೆ ಎಂದು ಹೆಡ್‌ಮಾಸ್ತರರ ಮುಂದೆ ಹೇಳಬೇಕಾಗುತ್ತಿತ್ತು. ಇಪ್ಪತ್ತಮೂರನೇ ವಯಸ್ಸಿನಲ್ಲಿ ನನಗೆ ಅದು ಆಗಲಿಲ್ಲ.

ಮುಂದಿನ ಜೂನ್ ಬಂತು. ಈ ಸಲ ಸಾಹುಕಾರರು ತಾವೇ ಬಂದಿದ್ದರು, ಮೊಮ್ಮಗನ ದಾಖಲಾತಿಗೆ. ಹೀಗಾಗಿ ಹುಡುಗ ಸಾಲಿನಲ್ಲಿ ಮೊದಲನೆಯವನು. ಅವನ ಹಿಂದೆ ಸೋನಿ, ಅವಳ ಹಿಂದೆ ಉಳಿದವರು. ಕಿವಿ ಮುಟ್ಟು ಎಂದೆ. ಹುಡುಗ ಎಡಗೈ ಎತ್ತಿ ತಲೆಯ ಮೇಲಿಂದ ತಂದು ಬಲಗಿವಿ ಹಿಡಿದ. ಅದಲ್ಲ, ಬಲಗೈ ಎಂದೆ. ಅವನು ಹಿಂದೆ ತಿರುಗಿ ಸೋನಿಯನ್ನು ನೋಡಿದ. ಅವಳು ಆಗಲೇ ಎಡಗೈಲಿ ಕಿವಿ ಹಿಡಿದು ನಿಂತಿದ್ದಳು. ಸಾಲಿನಲ್ಲಿದ್ದ ಎಲ್ಲರೂ ಹಾಗೇ ಹಿಡಿದು ನಿಂತಿದ್ದರು. ಹುಡುಗ ನನ್ನ ಕಡೆ ತಿರುಗಿ ಮತ್ತೆ ಎಡಗೈಲೇ ಮುಟ್ಟಿದ. ಅವನಿಗೆ ಅದೇ ಸರಿ ಎಂದು ಗೊತ್ತಿತ್ತು, ತಿಳಿಯದವನು ನಾನು ಎಂಬಂತೆ ನೋಡಿದ.

ಸಾಹುಕಾರರಿಗೆ ಅಂಗಡಿಗೆ ಹೊತ್ತಾಗಿತ್ತು. “ಮುಟ್ಟ್ಯಾನಲ್ಲ ಮಾಸ್ತರ, ಬರಕೋರಿ” ಎಂದರು. ಬರೆದುಕೊಂಡೆ. ಎಡಗೈಲಿ ಮುಟ್ಟಿದವನನ್ನು ಬರೆದುಕೊಂಡ ಮೇಲೆ ಮುಂದಿನವಳನ್ನು ಬಿಡುವುದಾದರೂ ಹೇಗೆ? ಅವಳ ಹೆಸರನ್ನೂ ಬರೆದೆ. ಎಂಟು ವರ್ಷದ ಹುಡುಗಿಗೆ ಆರು ಎಂದು ಬರೆದೆ. ಅಕ್ಕೋರು ಅಷ್ಟು ಹೊತ್ತೂ ಬೇವಿನಮರದ ಕೆಳಗೆ ನಮ್ಮ ಕಡೆ ಬೆನ್ನು ಮಾಡಿ ಕುಳಿತು ಯಾರದೋ ಅಂಗಿಯ ಗುಂಡಿ ಹಚ್ಚುತ್ತಿದ್ದರು.

ನೀವೇ ಹೇಳಿಕೊಟ್ಟಿರೇನು ಎಂದು ಸಂಜೆ ಕೇಳಿದೆ. ತಾವೇನೂ ಹೇಳಿಲ್ಲ, ಆ ಸಣ್ಣವರಿಗೆ ಒಂದು ವರ್ಷ ಕಲಿಸಿದವಳು ಸೋನಿ, ಅವಳು ಹೇಗೆ ಮಾಡುತ್ತಾಳೋ ಹಾಗೇ ಅವೂ ಮಾಡುತ್ತವೆ ಎಂದರು. ಅದು ಖರೆಯೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಸೋನಿ ಜಾಣೆ. ನನ್ನ ತರಗತಿಯಲ್ಲಿ ಅವಳೇ ಮೊದಲು. ಮೊದಮೊದಲು ಊಟದ ಬಿಡುವಿನಲ್ಲಿ ಮೂಲೆಯ ಕೋಣೆಗೆ ಓಡುತ್ತಿದ್ದಳು. ದೊಡ್ಡವಳಾಗುತ್ತ ಆ ಕಡೆ ಹೋಗುವುದನ್ನು ಬಿಟ್ಟಳು. ಆರನೆಯ ತರಗತಿ ಮುಗಿಯುವಾಗ ಅವಳಿಗೆ ಹದಿನಾಲ್ಕು. ಶಹಾಬಾದಿನಲ್ಲಿ ಕಲ್ಲಿನ ಕೆಲಸ ಮಾಡುವ ಒಬ್ಬ, ಮೊದಲ ಹೆಂಡತಿ ಸತ್ತವನು, ಕೈ ನೋಡಿಯೂ ಒಪ್ಪಿದ. ಬಿಟ್ಟರೆ ಮತ್ತೆ ಸಿಗಲಿಕ್ಕಿಲ್ಲ ಎಂದು ಅವಳ ಅಪ್ಪ ಮದುವೆ ಮಾಡಿಬಿಟ್ಟ. ಅಕ್ಕೋರು ತಾಂಡಾಕ್ಕೆ ಹೋಗಿ, ಇನ್ನೊಂದು ವರ್ಷ ತಡೆ, ಏಳನೆಯದರ ಪರೀಕ್ಷೆಯೊಂದು ಆಗಲಿ ಎಂದು ಕೈಮುಗಿದು ಬಂದರು. ಉಪಯೋಗವಾಗಲಿಲ್ಲ. ಮದುವೆಗೆ ನಾನು ಹೋಗಿದ್ದೆ. ಅಕ್ಕೋರು ಬಂದಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ, ಕರೆದಿಲ್ಲ ಎಂದರು.

ಅವರು ಕೆಲಸ ಬಿಡುವ ದಿನ ನಮ್ಮ ಶಾಲೆಯಲ್ಲೇ ಒಂದು ಹಾರ ಹಾಕಿ, ಬಾಳೆಹಣ್ಣು ಕೊಟ್ಟೆವು. ಎಲ್ಲರೂ ಹೋದ ಮೇಲೆ ನಾನು ಅವರ ಕೋಣೆಗೆ ಹೋದೆ. ಒಳಗೆ ಫರ್ಸಿ ಕಲ್ಲಿನ ನೆಲದ ಮೇಲೆ ಕುಳಿತು ತಾಟು ಎಣಿಸಿ ಜೋಡಿಸುತ್ತಿದ್ದರು. ಹದಿಮೂರು ವರ್ಷದಲ್ಲಿ ಹೇಳಲಾರದ ಮಾತನ್ನು ಅಂದು ಹೇಳಿದೆ. ಆ ವರ್ಷ ಸೋನಿಯನ್ನು ವಾಪಸು ಕಳಿಸಿದ್ದು ನನ್ನ ದೊಡ್ಡ ತಪ್ಪು, ಮಾಫ್ ಮಾಡಿರಿ ಎಂದೆ. ಅವರು ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. ಹಣೆಯ ಬೆವರು ಒರೆಸಿಕೊಂಡು, ತಾಟುಗಳನ್ನು ಪಕ್ಕಕ್ಕೆ ಸರಿಸಿದರು.

“ಅದು ನನಗ ಮಾಫ್ ಮಾಡ್ಲಿಕ್ಕ ಬರಂಗಿಲ್ರಿ ಮಾಸ್ತರ. ಆ ವರ್ಷ ನಂದಲ್ಲ, ಆಕೀದು. ಆಕೀಗಿ ಹೋಗಿ ಹೇಳ್ರಿ.”

ಹೂಂ ಎಂದೆ. ಹೋಗಲಿಲ್ಲ. ಚಿತ್ತಾಪುರದಿಂದ ಶಹಾಬಾದು ಎಷ್ಟು ದೂರ? ನಡುವೆ ವಾಡಿಯಲ್ಲಿ ಗಾಡಿ ಬದಲಿಸಿದರೆ ಮುಗಿಯಿತು. ಆದರೂ ಇವತ್ತು ನಾಳೆ ಎಂದು ವರ್ಷಗಳನ್ನು ಕಳೆದೆ. ಅಕ್ಕೋರನ್ನು ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಕೂಡಲು ಆಗಲಿಲ್ಲ. ಎಂಟನೇ ದಿನ ಹೊರಟೆ.

ಸೋನಿಯ ಮನೆ ಕಲ್ಲಿನ ಖಣಿಯ ಪಕ್ಕದ ಓಣಿಯಲ್ಲಿ ಸಿಕ್ಕಿತು. ಬಾಗಿಲಲ್ಲಿ ಕುಳಿತು ಒಂದೇ ಕೈಲಿ ಜೋಳ ಕೇರುತ್ತಿದ್ದಳು. ಮೊರದ ಒಂದು ಅಂಚನ್ನು ಮೊಣಕಾಲಿಗೆ ಆನಿಸಿಕೊಂಡಿದ್ದಳು. ಗುರುತು ಹಿಡಿದು ಎದ್ದು, ಬರ್ರಿ ಸರ, ಕುಂದ್ರಿ ಎಂದು ಕಂಬಳಿ ಹಾಸಿದಳು. ಅಕ್ಕೋರು ಹೋದ ಸುದ್ದಿ ಅವಳಿಗೆ ಅಂದೇ ಮುಟ್ಟಿತ್ತು. ನೀನು ಬರಲಿಲ್ಲವಲ್ಲ ಎಂದೆ. ಅವಳು ಜೋಳದೊಳಗಿನ ಕಲ್ಲೊಂದನ್ನು ಆರಿಸಿ ಎಸೆದಳು. ಆಮೇಲೆ ಹೇಳಿದಳು.

“ಖರೆ ಹೇಳ್ತೀನ್ರಿ ಸರ, ಅವ್ರ ಮ್ಯಾಲ ನನಗ ಭಾಳ ಸಿಟ್ಟಿತ್ತು. ಸಾಲಿಗಿ ಹೆಸರ ಹಚ್ಚೂ ದಿನ ನಾ ಕಿವಿ ಮುಟ್ಟಿದ್ನಿ. ಸರಿ ಮುಟ್ಟೀದಿ ಅಂದ್ರು ಅಕ್ಕೋರು. ಆದ್ರ ನೀ ಹೋದ್ರ ಈ ಸಣ್ಣವ್ರನ್ನ ಯಾರ್ ನೋಡ್ಕೋಬೇಕು, ನನಗ ನೀ ಬೇಕು, ಇನ್ನೊಂದ್ ವರ್ಷ ನನ್ನ ಬಲ್ಲಿ ಇರು ಅಂತ ತಾವೇ ಇಟ್ಕೊಂಡ್ರು. ಆಗ ಭಾಳ ಖುಷಿ ಆಗಿತ್ತು. ದೊಡ್ಡಾಕಿ ಆದ ಮ್ಯಾಲ ತಿಳೀತು. ಆ ಒಂದ್ ವರ್ಷ ಹೋಗಿರಲಿಲ್ಲಂದ್ರ ಮದವಿಗಿಂತ ಮೊದಲ ನನ್ನ ಏಳನೇದು ಪಾಸಾಗ್ತಿತ್ತು. ಏಳನೇದು ಪಾಸಾದ್ರ ಅವ್ರ ಜಾಗಾ ಸೈತ ನನಗ ಸಿಗ್ತಿತ್ತು. ತಮ್ಮ ಕೆಲಸದ ಸಲುವಾಗಿ ನನ್ನ ವರ್ಷ ತಿಂದ್ರು ಅಂತ ಮದವಿಗೂ ಕರೀಲಿಲ್ಲ, ಮಣ್ಣಿಗೂ ಬರಲಿಲ್ಲ.”

ಬತ್ತಿದ ಕೈಗಾಗಿ ಶಾಲೆ ನಿನ್ನನ್ನು ಒಲ್ಲೆ ಎಂದಿತು ಎಂದು ಏಳು ವರ್ಷದ ಹುಡುಗಿಗೆ ಹೇಳಲಾರದೆ ಅಕ್ಕೋರು ನನ್ನ ತಪ್ಪನ್ನು ತಮ್ಮ ತಲೆಯ ಮೇಲೆ ಎಳೆದುಕೊಂಡಿದ್ದರು. ಹುಡುಗಿ ದೂರವಾದಾಗಲೂ ಬಾಯಿ ಬಿಟ್ಟಿರಲಿಲ್ಲ. ನನಗೂ ಹೇಳಿರಲಿಲ್ಲ.

ನಾನು ಸೋನಿಗೆ ಎಲ್ಲವನ್ನೂ ಹೇಳಿದೆ. ಮೇಜಿನ ಹತ್ತಿರ ಕರೆದು ಎಡಗೈ ನಡೆಯುವುದಿಲ್ಲ ಎಂದದ್ದು ನಾನು, ಆ ಕೈ ಬೆಳೆಯುತ್ತದೇನು ಎಂದು ಕೇಳಿದ್ದು ಅವರು, ನಿನ್ನನ್ನು ಇಟ್ಟುಕೊಂಡದ್ದಕ್ಕೆ ಮೇಲಿನವರು ಅವರಿಂದ ಜವಾಬು ಕೇಳಿದ್ದು, ಅದನ್ನು ಬರೆದವನೂ ನಾನೇ ಎಂಬುದು, ಏನನ್ನೂ ಬಿಡಲಿಲ್ಲ. ಅವಳು ಜೋಳದ ಮೊರ ಕೆಳಗಿಟ್ಟು ಕೇಳಿದಳು. ಅಳಲಿಲ್ಲ, ನನ್ನನ್ನು ಬಯ್ಯಲೂ ಇಲ್ಲ. ಮಾಫ್ ಮಾಡು ಎಂಬ ಮಾತು ನನ್ನ ಬಾಯಿಯ ತನಕ ಬಂದಿತ್ತು. ಅಷ್ಟರಲ್ಲಿ ಅವಳು ಅಕ್ಕೋರನ್ನು ಎಲ್ಲಿ ಮಣ್ಣು ಮಾಡಿದರು ಎಂದು ಕೇಳಿದಳು. ಸೇಡಂನಲ್ಲಿ ಊರ ಹೊರಗೆ, ಅವರ ತಮ್ಮನ ಹೊಲದಲ್ಲಿ ಎಂದೆ. ವಾಡಿಯಿಂದ ಸೇಡಂ ಕಡೆಗೆ ಮುಂಜಾನೆ ಗಾಡಿ ಎಷ್ಟಕ್ಕೆ ಇದೆ ಎಂದು ಕೇಳಿದಳು. ಅದನ್ನೂ ಹೇಳಿದೆ.

ಹೊಲ ಹುಡುಕುವುದು ಕಷ್ಟ, ನಾನೂ ಜೊತೆಗೆ ಬರುತ್ತೇನೆ ಎಂದೆ.

“ನೀವ್ ಬ್ಯಾಡ್ರಿ ಸರ” ಎಂದಳು.